ಬಂತಾ?

ಈರಿ ಊರಿನ ಈ ಮನೆಗೆ
ಕೇಬಲ್ ಎಳೆದವನೂ ಲೆನ್, ಕಿತ್ತವನೂ ಲೆನ್.
ಎಂಬತ್ತಮೂರರಲ್ಲಿ, ಹಲ್ಲಲ್ಲಿ ಮೊಳೆ ಕಚ್ಚಿಕೊಂಡು
ಕಿಟಕಿ ಚೌಕಟ್ಟಿಗೆ ತೂತು ಕೊರೆದದ್ದು ತಾನೇ ಎಂದು
ಆ ತೂತಿಗೆ ಕಿರುಬೆರಳು ತೂರಿಸಿ ತೋರಿಸಿದ.
ರಿಟೈರಾಗಿ ಏಳು ವರ್ಷ. ಮಂಡಿಯಲ್ಲಿ ಸ್ಟೀಲು.
"ನನ್ನ ರಿಯಾಯಿತಿಯನ್ನೂ ನಿಲ್ಲಿಸಿಬಿಟ್ಟರು" ಎಂದಷ್ಟೇ ಹೇಳಿ
ಕತ್ತರಿ ಆಡಿಸಿದ. ಕಪ್ಪು ತಂತಿ
ಕೇರೆ ಹಾವಿನ ಹಾಗೆ ಹುಲ್ಲಿಗೆ ಬಿತ್ತು.
ಬರ್ನೀಸಳ ನಾಯಿ ಸಂಜೆಯವರೆಗೂ ಅದಕ್ಕೆ ಬೊಗಳಿತು.

ಅದಕ್ಕೂ ಮುಂಚೆ ಫೋನಿನ ಯುದ್ಧ.
ಬರ್ನೀಸ್ ಕೆಳಮನೆಯವಳು, ನಾನು ಮೇಲಿನವಳು;
ಬಿಲ್ಲು ಒಂದೇ. ನೂರ ಎಂಬತ್ತೇಳು ಡಾಲರು,
ಇನ್ನೂರ ಹತ್ತು ಚಾನೆಲ್ಲು, ನೋಡುವುದು ಆರು.
ಬೇಡ ಎನ್ನಲು ನಲವತ್ತು ನಿಮಿಷ ಹಿಡಿಯಿತು.
ಆ ಕಡೆಯ ಹುಡುಗ, ಎಲೆ ಮುಂದಿನಿಂದ ಎದ್ದ ನೆಂಟರನ್ನು
ಕೈಹಿಡಿದು ಕೂರಿಸುವವನ ಹಾಗೆ,
"ಏನು ಕಮ್ಮಿಯಾಯ್ತು ಹೇಳಿ, ಗಾಲ್ಫ್ ಪುಕ್ಕಟೆ ಕೊಡ್ತೀನಿ,
ಆರು ತಿಂಗಳು... ಹೋಗಲಿ, ಹನ್ನೆರಡು" ಎಂದ.
ಅವನ ಬೆನ್ನ ಹಿಂದೆ ಇನ್ನೂ ನೂರು ದನಿಗಳು
ನೂರು ನೆಂಟರನ್ನು ಕೂರಿಸುತ್ತಿದ್ದವು.
ಕೊನೆಗೆ ಬರ್ನೀಸ್ ಕೇಳಿದಳು:
"ನಿಮ್ಮ ಮನೆಯಲ್ಲಿ ಉಂಟೇನಪ್ಪಾ, ಕೇಬಲ್ಲು?"
ಹುಡುಗ ಸುಮ್ಮನಾದ. ಆಮೇಲೆ ಮೆಲ್ಲಗೆ
ರದ್ದಾದ ನಂಬರು ಬರೆದುಕೊಳ್ಳಿ ಎಂದ.

ಪೆಟ್ಟಿಗೆ ಮರಳಿಸುವ ಅಂಗಡಿಯಲ್ಲಿ ಉದ್ದ ಸಾಲು.
ಎಲ್ಲರ ಕಂಕುಳಲ್ಲೂ ಒಂದೊಂದು, ವೈರು ಜೋತಾಡುತ್ತ.
ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಂಟೆನಾಕ್ಕೆ ಮೂವತ್ತೆಂಟು ಡಾಲರು.
ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗಿತ್ತು.
ಲೆನ್‌ನ ಮಂಡಿ ಏಣಿಗೆ ಒಪ್ಪಲಿಲ್ಲ, ಹತ್ತಿದವಳು ನಾನು.
ಸ್ಕೂಲ್ ಬಸ್ಸು ಓಡಿಸುವವಳಿಗೆ ಎತ್ತರದ ಸೀಟು ಹೊಸತಲ್ಲ,
ಆದರೆ ಹರಿಹರದಲ್ಲಿ ಮಾಳಿಗೆ ಹತ್ತುತ್ತಿದ್ದವನು ಅಣ್ಣ;
ಹುಡುಗಿ ನಾನು, ಕೆಳಗೆ ನಿಂತು
ಕಪ್ಪು ಬಿಳುಪು ನುಸಿಗಳನ್ನು ಎಣಿಸುತ್ತ
ಬಂತು, ಹೋಯ್ತು, ಬಂತು, ಅಯ್ಯೋ ಹೋಯ್ತು
ಎಂದು ಕೂಗುವುದಷ್ಟೇ ನನ್ನ ಪಾಲು.

ಈಗ ನಲವತ್ತೊಂಬತ್ತರಲ್ಲಿ, ಹಿಡಿ ಜಾಗದಲ್ಲಿ ಕಾಲೂರಿ,
ದಕ್ಷಿಣದ ಗುಡ್ಡದ ಟವರಿನ ಕಡೆ ಮುಳ್ಳು ತಿರುಗಿಸುತ್ತ
ನನ್ನ ಬಾಯಿಂದ ತಾನಾಗಿ ಹೊರಟಿತು:
ಬಂತಾ?
ಲೆನ್‌ಗೆ ಕನ್ನಡದ ಗಾಳಿಯೂ ತಾಕಿಲ್ಲ.
"ಇಲ್ಲ!" ಎಂದು ಅವನ ಭಾಷೆಯಲ್ಲಿ ಕೂಗಿದ.
ಬಂತಾ?
"ಸ್ವಲ್ಪ!"
ಬಂತಾ?
ಹದಿನಾಲ್ಕು ಚಾನೆಲ್ಲು. ಪುಕ್ಕಟೆ. ಇಷ್ಟು ದಿನವೂ
ಈ ಮಾಡಿನ ಮೇಲೆ ಸುಮ್ಮನೆ ಹಾದುಹೋಗುತ್ತಿದ್ದವು.

ಉಳಿದದ್ದಕ್ಕೆ ಸ್ಟ್ರೀಮಿಂಗು. ಒಂದಿದ್ದದ್ದು ಎರಡಾಗಿ, ಈಗ ನಾಲ್ಕು;
ಚಿಲ್ಲರೆ ಚಿಲ್ಲರೆಯಾಗಿ ಮತ್ತೆ ನೂರರ ಹತ್ತಿರ.
ಪಾಸ್‌ವರ್ಡುಗಳೆಲ್ಲ ಹಿಟ್ಟಿನ ಡಬ್ಬಿಯ ಮುಚ್ಚಳದೊಳಗೆ.
ಪ್ರತಿ ರಾತ್ರಿ ಪರದೆ ಕೇಳುತ್ತದೆ:
ಯಾರು ನೋಡುತ್ತಿದ್ದೀರಿ?
ನಾನು, ಬರ್ನೀಸ್, ಲೆನ್ (ಬಾಡಿಗೆ ಕೊಡದೆ),
ಮತ್ತೆ ಅವಳ ತಮ್ಮ ರೇ, ದುಂಡು ನೀಲಿ ಮುಖದವನು.
ರೇ ಹೋಗಿ ಎರಡು ಚಳಿಗಾಲ.
ಅವನ ಕುದುರೆ ಸವಾರರು ಮೂವತ್ತೊಂದನೇ ನಿಮಿಷದಲ್ಲಿ
ಕೆಂಪು ಗೆರೆಯ ತುದಿಗೆ ನಿಂತಿದ್ದಾರೆ.
ಅಳಿಸೋಣವೇ ಎಂದು ಕೇಳಿದ್ದೆ ಒಮ್ಮೆ.
ಅಳಿಸಲಿಲ್ಲ. ಮುಂದಕ್ಕೆ ಓಡಿಸಲೂ ಇಲ್ಲ.

ಮೊನ್ನೆ ಜುಲೈ ಸೆಕೆ, ಗಾಳಿಗೆ ಆಂಟೆನಾ ತಿರುಗಿಹೋಗಿತ್ತು,
ಬೆನ್ನು ಗುಡ್ಡಕ್ಕೆ, ಮುಖ ಕೆರೆಗೆ.
ಕೆರೆ ಎನ್ನುವುದು ನಾನು; ಆಚೆ ದಡ ಯಾರಿಗೂ ಕಾಣದು.
ಅಂಥ ರಾತ್ರಿ ನೀರು ದಾಟಿ ಬರುತ್ತವಂತೆ, ಲೆನ್ ಹೇಳಿದ.
ನಮ್ಮ ಸುದ್ದಿ ಮಾಯವಾಗಿ, ಆ ಜಾಗದಲ್ಲಿ
ಕೆನಡಾದ ಯಾವನೋ, ಗುರುತಿಲ್ಲದ ಊರುಗಳ ಮುಂದೆ ನಿಂತು
ನಾಳೆ ಇಪ್ಪತ್ತೆಂಟು ಎಂದ.
ಹತ್ತೊಂಬತ್ತು ವರ್ಷ ಎಂಬತ್ತು ತೊಂಬತ್ತು ಎಂದು
ಮನಸ್ಸಲ್ಲೇ ಕಳೆದು ಭಾಗಿಸುತ್ತಿದ್ದವಳಿಗೆ
ಲೆಕ್ಕವಿಲ್ಲದೆ ಮೈಗೆ ತಾಗಿತು ಆ ಅಂಕಿ,
ಅಮ್ಮ ಹಣೆ ಮುಟ್ಟಿದ ಹಾಗೆ.

ಬರ್ನೀಸ್ ಇಪ್ಪತ್ತೆಂಟಾ ಎಂದು ಗಾಬರಿಯಾಗಿ
ಸ್ವೆಟರ್ ಹುಡುಕಲು ಎದ್ದಳು.