ಎಡ, ಬಲ

ಬ್ರೋಕನ್ ಹಿಲ್ ದಾಟಿ ಉತ್ತರಕ್ಕೆ ಎರಡು ಗಂಟೆ.
ಕೆಂಪು ಧೂಳು, ಉಪ್ಪುಗಿಡ, ತಗಡಿನ ಶೆಡ್ಡು.
ಮೇಜಿನ ಮೇಲೆ ಮಂಪರಿನಲ್ಲಿ ಮಲಗಿದ್ದಾಳೆ
ಹೆಸರಿಗೆ ಕೆಂಪು ಕಾಂಗರೂ; ಹೆಣ್ಣು, ಹಾಗಾಗಿ ಬೂದುನೀಲಿ.
ಕಿವಿಯಲ್ಲಿ ಹಳದಿ ಬಿಲ್ಲೆ: ನಾನೂರ ಹದಿನೇಳು.

ಲೋರ್ನಾ ಟ್ರಿಜೀಸ್ ಚೀಲದ ಬಾಯಿ ಅಗಲಿಸಿ ಟಾರ್ಚು ಹಿಡಿಯುತ್ತಾಳೆ.
ಮೂವತ್ತು ವರ್ಷದಿಂದ ಹಿಡಿಯುತ್ತಿದ್ದಾಳೆ, ಆದರೂ ಪ್ರತಿ ಸಲ
ಯಾರದೋ ಮನೆಯ ಒಳಕೋಣೆಗೆ ಇಣುಕಿದವಳ ಹಾಗೆ
ದನಿ ತಗ್ಗಿಸುತ್ತಾಳೆ: "ನೋಡು."

ನಾಲ್ಕು ತೊಟ್ಟು. ಎರಡು ಸುಮ್ಮನೆ ಕೂತಿವೆ.
ಒಂದು ಜಗ್ಗಿಸಿಕೊಂಡು ಜಗ್ಗಿಸಿಕೊಂಡು ನೀಳವಾದದ್ದು,
ಹೊರಗೆ ಬೇಲಿಯ ಬಳಿ ಕಾಲು ಕುಟ್ಟುತ್ತಿರುವ ದೊಡ್ಡ ಮರಿಯ ಪಾಲು.
ಇನ್ನೊಂದರ ತುದಿಗೆ ಅವರೆಕಾಳಿನಷ್ಟು ಜೀವ,
ಮೊನ್ನೆ ಹುಟ್ಟಿದ್ದು. ಕಣ್ಣು ಬಿಟ್ಟಿಲ್ಲ, ಕಿವಿ ಮೂಡಿಲ್ಲ,
ಬಾಯಿ ಮಾತ್ರ ಪೂರ್ತಿಯಾಗಿದೆ.

ಅಲ್ಲಿ ಕೆನೆಯಂಥ ಹಾಲು.
ಇಲ್ಲಿ ಅಕ್ಕಿ ತೊಳೆದ ನೀರಿನಂಥದ್ದು.
ನಡುವೆ ಎರಡು ಬೆರಳು ಚರ್ಮ.
"ರಕ್ತ ಒಂದೇ," ಅನ್ನುತ್ತಾಳೆ ಲೋರ್ನಾ, "ಡಂಗುರ ಒಂದೇ.
ಕೇಳುವ ಕೇರಿ ಬೇರೆ."

ನನಗೆ ಹನ್ನೆರಡು ತುಂಬುವಾಗ ಎಡಗಡೆ ಮೊದಲು ನೊಂದಿತ್ತು.
ತೊಗಲಿನಡಿ ಗಟ್ಟಿ ಗುಂಡಿ. ಬಲಕ್ಕೆ ಸುದ್ದಿಯೇ ಇಲ್ಲ.
ಮಿಲ್ಡ್ಯೂರಾದ ಈಜುಕೊಳದಲ್ಲಿ ಆ ಬೇಸಿಗೆಯಿಡೀ
ಕುತ್ತಿಗೆಮಟ್ಟ ನೀರಿನಲ್ಲೇ ನಿಂತಿದ್ದೆ.
ಕ್ಯಾನ್ಸರೇ ಎಂದು ಖಾತ್ರಿ ಮಾಡಿಕೊಂಡು
ಸೈಕಲ್ಲನ್ನು ತಮ್ಮ ಡೇರಿಲ್‌ನ ಹೆಸರಿಗೆ ಬರೆದಿಟ್ಟಿದ್ದೆ.

ಆಮೇಲೆ ಓದಿದೆ. ಅಂಡಾಶಯದಿಂದ ಹೊರಟ ಈಸ್ಟ್ರೋಜನ್
ಮೈಯೆಲ್ಲ ಸುತ್ತಿ ಬರುತ್ತದಂತೆ; ಕದ ತೆರೆಯುವ ಕೋಶಗಳು ಕೆಲವೇ.
ತೆರೆದವು ತಾವು ಎರಡಾಗುವುದಿಲ್ಲ.
ಕೆಳಮನೆಯ ನಾರು-ಕೊಬ್ಬಿನ ಒಕ್ಕಲಿಗೆ ಪಿಸುಗುಡುತ್ತವೆ,
ಆ ಒಕ್ಕಲು ಗೋಡೆ ತಟ್ಟಿ ಪಕ್ಕದವಳಿಗೆ ಹೇಳುತ್ತದೆ, ಬೆಳೆ.
ಕೇಳಿದವಳು ಬೆಳೆಯಳು, ಬೆಳೆವವಳು ಕೇಳಿರಳು.
ಹೀಗೆ ಬಾಯಿಂದ ಬಾಯಿಗೆ ಮಾತು ಹೋಗಿ
ಮೊಗ್ಗುತಲೆಯ ನಾಳ ಕೊಬ್ಬಿನೊಳಗೆ ದಾರಿ ಕೊರೆಯುತ್ತದೆ.
ಎದುರಿಗೆ ಇನ್ನೊಂದು ನಾಳ ಬಂದರೆ
"ತಡಿ, ಇಲ್ಲಿ ನಾನಿದ್ದೇನೆ" ಎಂಬ ಬೇರೊಂದು ಪಿಸುಮಾತಿಗೆ
ಮೆಲ್ಲಗೆ ಹೊರಳಿಕೊಳ್ಳುತ್ತದೆ.
ಪ್ರೊಜೆಸ್ಟರಾನ್‌ಗೆ ಪಕ್ಕದ ಕವಲು. ಪ್ರೊಲ್ಯಾಕ್ಟಿನ್‌ಗೆ ಹಾಲು.

ಇಷ್ಟು ಬರೆದು ಪಾಸಾಗಿದ್ದೆ. ತಿಳಿದದ್ದು ಈ ಏಪ್ರಿಲ್‌ನಲ್ಲಿ.
ಬಲಕ್ಕೆ ಹಿಡಿದರೆ ನನ್ನ ವಿನ್ನಿ ಬೆನ್ನು ಬಿಲ್ಲಾಗಿಸಿ ಅರಚುವಳು.
ನರ್ಸು, ಅತ್ತೆ, ದಿಂಬು, ಜೋಗುಳ,
ಯಾವುದೂ ನಡೆಯಲಿಲ್ಲ.
ಕುಡಿಯದ ಹಾಲು ಒಳಗೇ ನಿಂತು
ತನ್ನ ಮನೆಗೆ ತಾನೇ ಹೇಳಿತು, ಸಾಕು.
ಒಂದೊಂದೇ ಗೂಡು ದೀಪ ಆರಿಸಿ ಅಗುಳಿ ಹಾಕಿಕೊಂಡಿತು.
ಮೂರು ವಾರಕ್ಕೆ ಬಲ ಬತ್ತಿತು.
ಎಡ, ಏನೂ ಗೊತ್ತಿಲ್ಲದವಳಂತೆ, ತುಂಬುತ್ತಲೇ ಇತ್ತು.

ಸಿರಿಂಜಿಗೆ ಆಕ್ಸಿಟೋಸಿನ್ ಎಳೆದು
ನಾನೂರ ಹದಿನೇಳರ ತೊಡೆಗೆ ಚುಚ್ಚಿದೆ.
ನೀಳ ತೊಟ್ಟಿನಿಂದ ಟ್ಯೂಬಿಗೆ ದಪ್ಪ ದಪ್ಪ ಹನಿ.
ಅವರೆಕಾಳು ತನ್ನ ಪಾಡಿಗೆ ಚೀಪುತ್ತಿತ್ತು.
ಬೇಲಿಯ ಬಳಿ ದೊಡ್ಡ ಮರಿ ಒಮ್ಮೆ, ಕೆಮ್ಮಿದ ಹಾಗೆ, ಕೂಗಿತು.

ಅಷ್ಟೇ. ನನ್ನ ಅಂಗಿಯ ಎಡಗಡೆ ಒದ್ದೆ.
ವಿನ್ನಿ ಇರುವುದು ನೂರ ಮೂವತ್ತು ಕಿಲೋಮೀಟರ್ ಆಚೆ.
ಆ ಕೂಗು ಯಾರ ಮಗುವಿನದೆಂದು
ನನ್ನ ರಕ್ತ ವಿಚಾರಿಸಲಿಲ್ಲ.
ಕರೆ ಬಲಕ್ಕೂ ಹೋಗಿತ್ತು. ಒಂದು ಸಣ್ಣ ಸೆಳೆತ,
ಖಾಲಿ ಮನೆಯಲ್ಲಿ ಯಾರೋ ಎದ್ದು ನಿಂತ ಹಾಗೆ,
ಮತ್ತೆ ಕೂತ ಹಾಗೆ.

ಲೋರ್ನಾ ನೋಡಿದಳು. ಏನೂ ಅನ್ನದೆ
ಗೂಟಕ್ಕೆ ನೇತುಹಾಕಿದ್ದ ತನ್ನ ಜಾಕೆಟ್ಟು ಎಸೆದಳು.
ಟ್ಯೂಬಿಗೆ ಚೀಟಿ ಅಂಟಿಸುತ್ತ, ತಲೆಯೆತ್ತದೆ,
"ಯಾವ ಕಡೆ?" ಎಂದಳು.

"ಎಡ," ಎಂದೆ.
ಆಮೇಲೆ ತಿದ್ದಿದೆ:
"ಅವಳದು ಬಲ."