ಎಳೆ

ಸಿಮೆಂಟು ಚೀಲದಲ್ಲಿ ಸುತ್ತಿ
ಗಾಡಿಯ ಮೇಲೆ ಅಡ್ಡ ಹಾಕಿಕೊಂಡು ತಂದ ಮಹಬೂಬ
ಮುದಗಲ್ಲಿನ ಕೋಟೆ ಬಾಗಿಲೊಳಗೆ
ನನ್ನ ಅಂಗಡಿ ಕಟ್ಟೆಯ ಮೇಲೆ ಇಟ್ಟಾಗ
ಕಬ್ಬಿಣ ಕೆಮ್ಮಿತು.

ಬಿಚ್ಚಿದರೆ ಕತ್ತಿ.
ಅಲಗಿನ ಮಾತು ಬಿಡಿ, ಬದನೆಕಾಯಿಗೂ ಆಗದು.
ಹಿಡಿಯ ಮೇಲೆ ಮಾತ್ರ ಒಂದು ಬಳ್ಳಿ.
ಬಳ್ಳಿಯೂ ಅಲ್ಲ, ಬಳ್ಳಿ ಹಾದುಹೋದ ದಾರಿ:
ಕೂದಲಗಲದ ಕಾಲುವೆಗಳು
ಬೆಳ್ಳಿಯಿಲ್ಲದೆ
ಸಿಂಧನೂರ ಕಡೆಯ ಕೊನೆಭಾಗದ ಕಾಲುವೆಯಂತೆ
ಧೂಳು ಹೊದ್ದು ಮಲಗಿದ್ದವು.

"ಹೊಸಪೇಟಿಯಾಂವ ನೋಡಿ ಹೋಗ್ಯಾನ್ರಿ.
ಬೆಳ್ಳಿ ತುಂಬಿದರ ಐದು ಪಟ್ಟು ರೊಕ್ಕ ಅಂತಾನ.
ಬಕ್ರೀದದೊಳಗ ಮಾಡಿಕೊಡ್ರಿ ಪತ್ತಾರ್ರ."

ಆಗಲಿ ಅಂದೆ. ಅಂದು ಸಿಕ್ಕಿಬಿದ್ದೆ.
ಅಪ್ಪ ಮಾಡಿದ್ದು ದೇವರ ಮೂರ್ತಿಗೆ ಬೆಳ್ಳಿಕಣ್ಣು,
ಅಜ್ಜ ಮಾಡಿದ್ದು ಅಡಕೊತ್ತಿಗೆ ಹಿತ್ತಾಳೆಯ ನವಿಲು.
ಕತ್ತಿಗೆ ಎಳೆ ಕೂರಿಸಿದ ಕೈ
ನಮ್ಮ ಮನೆಯಲ್ಲಿ ನಿಂತು ಮೂರು ತಲೆಮಾರು.
ಉಳಿದದ್ದು ಚಾಣಗಳ ಡಬ್ಬಿ, ಒಂದು ಅಕೀಕ ಕಲ್ಲು,
ಮತ್ತೆ ಅಜ್ಜ ಕುಡಿದಾಗ ಹೇಳುತ್ತಿದ್ದ ಮಾತು:
ಕಾಲುವೆಗೆ ಬಾಯಿ ಸಣ್ಣದಿರಲಿ, ಹೊಟ್ಟೆ ದೊಡ್ಡದಿರಲಿ,
ಒಳಗೆ ಹೊಕ್ಕ ಬೆಳ್ಳಿ ಹೊರಗೆ ಬರಬಾರದು,
ಸೊಸೆಯ ಹಾಗೆ.

ಆದರೆ ಬಂದಿತ್ತು. ಯಾರೋ ಕಿತ್ತಿದ್ದರು.
ತುಕ್ಕು ತಿಂದ ಕಡೆ ದಾರಿಯ ಗುರುತೂ ಇಲ್ಲ.
ಬಳ್ಳಿ ಹೂವಿಗೆ ಹೋಯಿತೋ, ಹಕ್ಕಿಗೋ?
ಪೆನ್ಸಿಲು ಹಿಡಿದು ನಾಲ್ಕು ದಿನ
ಗೀಚಿದೆ, ಒರೆಸಿದೆ.

ಐದನೆಯ ದಿನ ಜೈನಾಬಿ ಬಂದಳು, ಮಹಬೂಬನ ಅಜ್ಜಿ.
ಕಣ್ಣಿಗೆ ಪೊರೆ. ಕೈಯಲ್ಲಿ ಕೋಲು.
ಕೇಳದೆಯೇ ಕತ್ತಿ ಎಳೆದು ತೊಡೆಗೆ ಹಾಕಿಕೊಂಡು
ಮೊಮ್ಮಗಳ ತಲೆಯಲ್ಲಿ ಹೇನು ಹುಡುಕುವವಳಂತೆ
ಹೆಬ್ಬೆರಳ ಉಗುರು ನಡೆಸಿದಳು.

"ಇಲ್ಲಿ ಹೊಳ್ಳತೈತಿ. ಇಲ್ಲಿ ಎರಡು ಎಲಿ.
ಇದು ಹೂವಲ್ಲೋ ಮಾರಾಯ, ದಾಳಿಂಬರ ಕಾಯಿ.
ಒಳಗ ಏಳು ಬೀಜ. ಏಳು ಸಂತಿ."

"ನಿನಗ ಹ್ಯಾಂಗ ಗೊತ್ತು ಬೇ?"

"ಕಿತ್ತಾಕಿ ನಾನ ಅಲ್ಲೇನು."

ಅತ್ತೆ ನಮಾಜಿಗೆ ಕೂತ ಹೊತ್ತು,
ಕೌದಿ ಹೊಲಿಯುವ ಸೂಜಿ,
ಸಂತೆಗೆ ಸಂತೆಗೆ ಬೆರಳುದ್ದ ಬೆಳ್ಳಿ.
ಕೂಸಿನ ಎದೆಯಲ್ಲಿ ಗೊರಗೊರ,
ಲಿಂಗಸುಗೂರಿನ ದವಾಖಾನೆ, ಬಸ್ಸಿನ ಚಾರ್ಜು.
ಸರಾಫ ಗುಲಗಂಜಿ ಹಾಕಿ ತೂಗಿದ,
ಎಲ್ಲಿಯದು ಅಂತ ಒಮ್ಮೆಯೂ ಕೇಳಲಿಲ್ಲ.
"ಮಾವ ವರ್ಷಕ್ಕೊಮ್ಮೆ ಇಳಿಸಿ ಎಣ್ಣಿ ಹಚ್ಚತಿದ್ದ.
ಗಂಡಸರು ಅಲಗು ನೋಡತಾರ.
ಹಿಡಿ ಯಾರು ನೋಡತಾರ?"

ಉಗುರು ನಿಂತಿತು. ಹಿಡಿಯ ಬುಡದಲ್ಲಿ
ಕಪ್ಪಾದರೂ ಕದಲದೆ ಕೂತಿತ್ತು ಒಂದೇ ಒಂದು ಎಲೆ.
"ಇದನ್ನ ಯಾಕ ಬಿಟ್ಟಿ?"
"ಅವತ್ತ ಜ್ವರ ಇಳೀತು."

ಮರುದಿನದಿಂದ ಅವಳು ಹೇಳಿದಂತೆ ನಾನು.
ಎಡಕ್ಕ ಅಂದರೆ ಎಡಕ್ಕೆ ಚಾಣ.
ಎಳೆ ಕಾಸಿ, ಮೆತ್ತಗಾಗಿಸಿ, ಕಾಲುವೆಗಿಟ್ಟು
ತಟ್ಟಿದೆ, ಮತ್ತೆ ತಟ್ಟಿದೆ.
ತಪ್ಪಿದರೆ ಅವಳಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು,
"ಹ್ಞೂಂ, ಅಲ್ಲ."
ಜಾಲಿ ಇದ್ದಲಿನ ಮೇಲೆ ಹಿಡಿದಾಗ ಕಬ್ಬಿಣ
ನವಿಲುಗೊರಳಿನ ಬಣ್ಣಕ್ಕೆ ತಿರುಗಿ
ಬೆಳ್ಳಿ ಅದರೊಳಗೆ ಹರಿಯಿತು.
ಅವಳಿಗೆ ಕಾಣಲಿಲ್ಲ.
ಮೂಗಿಗೆ ಹಿಡಿದು, ಆಯ್ತು ಅಂದಳು.

ಮಹಬೂಬ ಬಂದ.
"ಆ ಕರಿ ಎಲಿ ಒಂದು ಉಜ್ಜಿಬಿಡ್ರಿ, ಜೋಡಿ ಆಗವಲ್ದು."
ಅದಕ್ಕೆ ಕಲ್ಲು ಹತ್ತುವುದಿಲ್ಲ ಅಂದೆ.
ಕಲ್ಲು ನನ್ನ ಜೇಬಿನಲ್ಲಿತ್ತು.
ಹೊರಗೆ ಗಾಡಿಗೊರಗಿ ಅವನಪ್ಪ,
ಏಳು ಸಂತೆಯ ಆ ಕೂಸು,
ಬೀಡಿ ಎಳೆದು ಕೆಮ್ಮುತ್ತಿದ್ದ.

ಏಳುವಾಗ ಜೈನಾಬಿ
ಅಡಿಗಲ್ಲಿನ ಸುತ್ತ ಕೈಯಾಡಿಸಿದಳು.
ಕತ್ತರಿಸಿ ಬಿದ್ದ ಬೆಳ್ಳಿಯ ತುಂಡು,
ಎರಡು ಗುಲಗಂಜಿ ಆದೀತು,
ಉಗುರಿನಲ್ಲಿ ಎತ್ತಿ
ಸೆರಗಿನ ತುದಿಗೆ ಗಂಟು ಹಾಕಿದಳು.

ನಾನು ಆ ಕಡೆ ತಿರುಗಿ
ಆರಿದ ಕುಲುಮೆಯನ್ನು ಊದುತ್ತ ಕೂತೆ.