ಐದೂವರೆ ಕೇಜಿ

ಚೀಟಿ ಬರೆಯೋ ಹುಡುಗಿ ಕೇಳಿದಳು: ಮಾಲೀಕರ ಹೆಸರು?
ಹಿಂದೆ ತಿರುಗಿ ನೋಡಿದೆ.
ಎಮ್ಮೆಕರು ಹಿಡಿದವನೊಬ್ಬ ನಿಂತಿದ್ದ, ಅಷ್ಟೆ.
ಬರ್ಕೊಳಿ ಅಂದೆ, ದ್ಯಾವಯ್ಯ,
ಹಾಸನದ ಮಾರ್ಕೆಟ್ ಯಾರ್ಡು, ಆಲೂಗಡ್ಡೆ ಸಾಲು, ಹಮಾಲಿ.
ನಾಯಿ ಹೆಸರು?
ಗೆಣಸು.
ನಗಬೇಡಿ ತಾಯಿ. ಉದ್ದಕ್ಕೆ, ಕೆಂಪಗೆ, ಕಾಲೇ ಇಲ್ಲದ ಹಾಗೆ
ಖಾಲಿ ಚೀಲದ ರಾಶಿ ಮೇಲೆ ಬಿದ್ದಿತ್ತು ಬೆಳಿಗ್ಗೆ.
ಕತ್ತಿಗೆ ಒಳ್ಳೆ ಚರ್ಮದ ಪಟ್ಟಿ.
ರಾತ್ರಿ ಯಾರ ಕಾರು ಬಂದು ಹೋಯ್ತೋ, ಕಾವಲಿನವನು ಕಂಡಿಲ್ಲ.
ಮುಂಗಾಲೆರಡು ಬಾ ಅಂದರೆ ಬರುತ್ತವೆ,
ಹಿಂದಿನವು ಬೇರೆ ಯಾರದೋ.

ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದರು.
ಮಣಿಗೂ ಮಣಿಗೂ ನಡುವೆ ಮೆತ್ತೆ ಇರುತ್ತೆ,
ಇಲ್ಲಿ ನೋಡಿ, ಸಂದು ಮುಚ್ಚಿದೆ,
ಮೆತ್ತೆ ಒಡೆದು ನರದ ಮೇಲೆ ಕೂತಿದೆ.
ಇಕ್ಕಳ ತಗೊಂಡು ಹಿಂಗಾಲ ಬೆರಳು ಹಿಂಡಿದರು.
ಗೆಣಸು ತಿರುಗಲಿಲ್ಲ.
ಇನ್ನೂ ಬಿಗಿಯಾಗಿ.
ಬಹಳ ತಡವಾಗಿ, ಯಾರೋ ಆಚೆ ಓಣಿಯಿಂದ ಕೂಗಿದರೇನೋ ಅನ್ನುವಂತೆ
ಕತ್ತು ಹೊರಳಿಸಿ ಅವರ ಕೈಯನ್ನೊಮ್ಮೆ ನೋಡಿತು.
ನೋವಿದೆ! ಅಂದರು ಡಾಕ್ಟರಮ್ಮ.
ನೋವಿದೆ ಅಂತ ಹಿಗ್ಗಿದವರನ್ನು
ನಾನು ಕಂಡದ್ದು ಅವತ್ತೇ ಮೊದಲು.

ಆಪರೇಷನ್ನಿನ ಖರ್ಚು ಕೇಳಿ
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು, ನಾನೂ ಗೆಣಸೂ.
ಇಲ್ಲಾ ಅಂದರೆ ಮಾತ್ರೆ, ಆರು ವಾರ ಅಲ್ಲಾಡದ ಹಾಗೆ ಗೂಡು,
ಹೊತ್ತು ಹೊತ್ತಿಗೆ ಕೈಯಿಂದ ಒತ್ತಿ ಉಚ್ಚೆ ತೆಗೆಯೋದು,
ಮಿಕ್ಕಿದ್ದು ಅದರ ಅದೃಷ್ಟ.
ಆಮೇಲೆ ಎತ್ತೋದು ಕಲಿಸಿದರು. ನನಗೆ.

ಒಂದು ಕೈ ಎದೆ ಕೆಳಗೆ, ಒಂದು ತೊಡೆ ಕೆಳಗೆ.
ಬೆನ್ನು ಹಲಗೆ ಹಾಗೆ ನೇರ ಇರಬೇಕು, ಅವನದೂ ನಿಮ್ಮದೂ.
ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ.
ಹೊಟ್ಟೆಗೆ ಅವಚಿಕೊಂಡು ಏಳಿ. ತಿರುಚಬೇಡಿ.

ಮೂವತ್ತೊಂದು ವರ್ಷ
ಐವತ್ತು ಕೇಜಿ ಚೀಲ ಬೆನ್ನ ಮೇಲೆ ಬೀಳಿಸಿಕೊಂಡು
ಲಾರಿ ತುಂಬಿಸಿದೀನಿ.
ಎಣ್ಣೆ ತಿಕ್ಕಿದವರುಂಟು, ಪಟ್ಟು ಹಾಕಿದವರುಂಟು,
ಎತ್ತೋದಕ್ಕೂ ಒಂದು ಕ್ರಮ ಇದೆ ಅಂತ
ಒಬ್ಬರೂ ಹೇಳಿರಲಿಲ್ಲ.

ಟೊಮೆಟೊ ಕ್ರೇಟು ಎರಡು ಕೊಯ್ದು ಜೋಡಿಸಿದಳು ಚಿಕ್ಕತಾಯಿ.
ಬೈಯುತ್ತಲೇ ಜೋಡಿಸಿದಳು.
ಮೂಟೆಗೆ ಅಂತ ಹೆಗಲ ಮೇಲಿದ್ದ ಟವಲ್ಲು
ಈಗ ಗೆಣಸಿನ ಹೊಟ್ಟೆ ಕೆಳಗೆ ಜೋಲಿ.
ಐದಕ್ಕೊಮ್ಮೆ, ಮೊದಲ ಲಾರಿಗೆ ಮುಂಚೆ.
ಮಧ್ಯಾಹ್ನ ಓಡಿ ಬಂದು. ರಾತ್ರಿ ಮಲಗೋ ಮುಂಚೆ.
ಮಣ್ಣೊಳಗೆ ಎಳೆ ಗಡ್ಡೆ ತಡವಿದ ಹಾಗೆ
ಹೊಟ್ಟೆಯಲ್ಲಿ ಆ ಉಂಡೆ ಹುಡುಕಬೇಕು,
ಸಿಕ್ಕಿದ ಮೇಲೆ ಹೆದರದೆ ಒತ್ತಬೇಕು.
ಮಧ್ಯಾಹ್ನದ ನನ್ನ ಪಾಳಿ ಮೊಯ್ದೀನ್ ಹೊರುತ್ತಾನೆ.
ಹೋಗಪ್ಪಾ, ನಿನ್ನ ಕೂಸಿಗೆ ಹೊತ್ತಾಯ್ತು ಅಂತಾನೆ.

ರಾತ್ರಿ ಚಾಪೆ ಮೇಲೆ ನಾನು, ಪಕ್ಕದಲ್ಲಿ ಕ್ರೇಟು.
ಸಂದಿಯಲ್ಲಿ ಕೈ ತೂರಿಸಿ ಬೆನ್ನ ಮಣಿ ಎಣಿಸ್ತೀನಿ,
ಅದು ಕಣ್ಣು ಮುಚ್ಚಿ ನಿಟ್ಟುಸಿರು ಬಿಡುತ್ತೆ.
ಡಾಕ್ಟರಮ್ಮ ತೋರಿಸಿದ ಜಾಗ ಬರುತ್ತೆ.
ಅಲ್ಲಿಂದಾಚೆ
ನನ್ನ ಕೈ ಇದೆ ಅನ್ನೋದು ಅದಕ್ಕೆ ಗೊತ್ತಿಲ್ಲ.
ಆದರೂ ಬಾಲದ ತನಕ ಎಣಿಸ್ತೀನಿ.

ಐದನೇ ವಾರ, ಗುರುವಾರ, ಊಟಕ್ಕೆ ಮುಂಚೆ.
ತೊಡೆ ಮೇಲೆ ಕೂರಿಸಿಕೊಂಡು ಕೈ ಇಡಬೇಕು,
ಲುಂಗಿ ಬೆಚ್ಚಗಾಯಿತು.
ನಾನಿನ್ನೂ ಒತ್ತಿರಲಿಲ್ಲ.
ಅವನು ಕಿವಿ ಇಳಿಸಿ, ತಪ್ಪಾಯ್ತು ಅನ್ನೋ ಹಾಗೆ
ಗೋಡೆ ಕಡೆ ನೋಡ್ತಿದ್ದ.
ಚಿಕ್ಕತಾಯೀ, ಬಾರೇ ಇಲ್ಲಿ! ಅಂತ ಕೂಗಿದೆ.
ಸೌಟು ಹಿಡಿದೇ ಬಂದಳು,
ಒದ್ದೆ ಲುಂಗಿ ನೋಡಿದಳು, ನನ್ನ ಮುಖ ನೋಡಿದಳು.

ಕಾಲು? ಇನ್ನೂ ಇಲ್ಲ.

ಯಾರ್ಡಿನ ಕಾಟಾ ಮೇಲೆ ನಿಲ್ಲಿಸಿದರೆ ಅವನು ಸೊನ್ನೆ.
ನಾನಂತೂ ಈಗ ಎಲ್ಲ ಚೀಲಕ್ಕೂ ಮಂಡಿ ಮಡಚ್ತೀನಿ.
ಏನಯ್ಯಾ ದ್ಯಾವ, ಆಲೂಗಡ್ಡೆಗೆ ಅಡ್ಡಬೀಳ್ತೀಯಾ?
ಮೇಸ್ತ್ರಿ ಆ ಕಡೆಯಿಂದ ಬೊಬ್ಬೆ ಹೊಡೀತಾನೆ.
ಒಂದು ಕೈ ಎದೆ ಕೆಳಗೆ,
ಒಂದು ತೊಡೆ ಕೆಳಗೆ.